ಹದಿನೇಳು ಹಲ್ಲು

ಮುಳ್ಳು ಸತ್ತು ಹನ್ನೊಂದು ವರ್ಷ.
ಗಾಜಿನ ಹಿಂದ ಸೊನ್ನಿ ಮ್ಯಾಲ ತಲಿ ಇಟ್ಟು ಮಲಗ್ಯಾದ.
ಕೆಳಗ ಅಂಕಿ ಪಟ್ಟಿ: ಆರು, ಒಂದು, ನಾಕು, ಸೊನ್ನಿ,
ಕಡೀದು ಏಳೋ ಎಂಟೋ,
ಎರಡರ ನಡುವ ಸಿಕ್ಕು ಅರ್ಧ ಮುಖ ತೋರಸ್ತದ.

ಎಪ್ಪತ್ಮೂರರ ಫಿಯಾಟು, ಬೂದಿ ಬಣ್ಣ.
ಡಾಕ್ಟರು ತೀರಿದ ಮ್ಯಾಲ ಅವರ ಹೆಂಡತಿ ಕಡಿಂದ
ಹದಿನೆಂಟು ಸಾವಿರಕ್ಕ ಕೊಂಡಾಕಿ
ಅಕ್ಕಲಕೋಟ ದವಾಖಾನಿ ನರ್ಸು, ಶಕುಂತಲಾ ಬಿರಾಜದಾರ.
ಇಷ್ಟು ದಿನ ಮುಳ್ಳಿಲ್ಲದ ಓಡಿಸ್ಯಾಳ:
ಮೈಂದರಗಿ, ದುಧನಿ, ಗಡಿ ದಾಟಿ ಅಫಜಲಪುರ,
ರಾತ್ರಿ ಎರಡಕ್ಕ ಯಾರಿಗೋ ಬ್ಯಾನಿ ಅಂದ್ರ ಎರಡಕ್ಕ.

"ಮುಳ್ಳು ಯಾಕ ಬೇಕಿತ್ತೋ," ಅಂದ್ಳು.
"ಮೂರನೇ ಗೇರು ಗುನುಗೂದು ಬಿಟ್ಟು ಊಳಿಟ್ರ ನಲವತ್ತು.
ಎಡಗಡಿ ಬಾಗಲದ ಗಾಜು ಕಟಕಟ ಅಂದ್ರ ಐವತ್ತು.
ಅದರ ಮ್ಯಾಲ ನಾ ಹೋಗೂದಿಲ್ಲ."
"ಮತ್ತ ಈಗ್ಯಾಕ?"
ಆಕಿ ಸೆರಗಿನ ತುದಿ ಹುರಿ ಮಾಡಿ ಎಡಗಿವ್ಯಾಗ ಇಟ್ಟು
ಅಲ್ಲಿಂದ ಏನೋ ತಗಿಯೂ ಹಂಗ ತಿರುವಿ
"ಇದು ಮುಚ್ಚಲಕತ್ತದ" ಅಂದ್ಳು.
ಮುಂದ ಮಾತಿಲ್ಲ.

ಡ್ಯಾಶಿನ ಕೆಳಗ ಅಂಗಾತ ಮಲಗಿ
ಮೀಟರಿನ ಬೆನ್ನಿಂದ ಕೇಬಲ್ ಬಿಚ್ಚಿದೆ.
ಚೌಕದ ತೂತಿಗೆ ತಂತಿ ತುಂಡು ಇಟ್ಟು
ಎರಡು ಬೆರಳಾಗ ಬತ್ತಿ ಹೊಸದಂಗ ಹೊಸದೆ:
ಎದ್ದಿತು! ಹತ್ತು, ಹದಿನೈದು,
ನಿದ್ದಿಗಣ್ಣಾಗ ಹಾಲಿಗೆ ಚಾಚಿದ ಕೂಸಿನ ಕೈಹಂಗ.
ಬಿಟ್ಟೆ, ಬಿತ್ತು.
ಮೀಟರಿಗೆ ರೋಗಿಲ್ಲ.
ಕೇಬಲ್ ಎಳದು ನೋಡಿದೆ: ಗ್ರೀಸು ಒಣಗಿ ಬೆಲ್ಲದ ಅಂಟು,
ಆದರ ಹರದಿಲ್ಲ.
ಹಿಂದಿನ ಗಾಲಿ ಜಾಕಿಗೆ ಎತ್ತಿ ಗೇರ ಹಾಕಿದೆ;
ಗಾಲಿ ತಿರಗ್ತದ, ಕೇಬಲ್ ತಿರಗೂದಿಲ್ಲ.

ಗೇರಬಾಕ್ಸಿನ ಬಾಲದಿಂದ ಅಂಗೈಗೆ ಬಿದ್ದದ್ದು
ಅಡಕಿಯಷ್ಟು ನೈಲಾನ್ ಪಿನಿಯನ್ನು.
ಎರಡು ಮೋಟು ಹಲ್ಲು ಬಿಟ್ರ ಬರೇ ವಸಡು.
ಎರಡರ ನಡುವಿನ ಅಂತರ ಅಳದು ಲೆಕ್ಕ ಹಾಕಿದೆ: ಹದಿನಾರು.

ಸೊಲ್ಲಾಪುರದ ಗುಜರಿಯವರು ನಕ್ರು.
ಪುಣೆದವ ಪೂರಾ ಕೇಳದ ಫೋನ್ ಇಟ್ಟ.
ಕಡೀಕ ಚಾದರದ ಓಣಿ,
ಮಗ್ಗಕ್ಕ ಗೇರು ಕಡಿಯೂ ಯಂಬಯ್ಯ ಸಿದ್ರಾಲನ ಲೇತು.
ಗ್ವಾಡಿ ಆಚಿ ನಲವತ್ತು ಮಗ್ಗ, ಖಟ್ ಖಟಾ ಖಟ್,
ಅಲ್ಲಿ ಮಾತು ಬಾಯಾಗಿಂದ ಬಂದು ಬಾಯಿ ಮುಂದ ಸಾಯ್ತದ.
ಮೂರು ಸಲ ಐದು ಬೆರಳು, ಮ್ಯಾಲೊಂದು ತೋರಿಸಿದೆ.
ಅವ ತೆಲುಗಿನಾಗ ಏನೋ ಕೇಳಿದ.
ಪದಹಾರೋ, ಪದಿಹೇಡೋ, ಮಗ್ಗ ನುಂಗ್ತು.
ನಾ ಹೂಂ ಅಂದೆ.
ಬಿಳೀ ಸುರುಳಿ ಸುರುಳಿ ಹೊಟ್ಟು ಎದ್ದು
ಅವನ ಮೀಸಿ ಮ್ಯಾಲ ಕೂತಿತು.

ಮನೀಗೆ ಬಂದು ಎಣಿಸಿದೆ. ಹದಿನೇಳು.
ಮರಾಠಿದಾಗ ಎಣಿಸಿದೆ, ಸತ್ರಾ.
ಯಾವ ಭಾಷಿದಾಗೂ ಒಂದು ಹೆಚ್ಚ.
ಕೂಡಿಸಿ ನೋಡಿದೆ, ಕೂತಿತು. ಬಿಟ್ಟೆ.

ಮೈಂದರಗಿ ಹಾದಿ. ಆಕಿ ಸ್ಟೇರಿಂಗಿಗೆ, ನಾ ಗಡಿಯಾರಕ್ಕ.
ಮುಳ್ಳು ಎದ್ದು ನಿಂತದ, ನಡುಗೂದಿಲ್ಲ.
ಆಕಿ ಅದನ್ನ ನೋಡಲಿಲ್ಲ ಭಾಳ,
ಹಾದಿ ನೋಡಿದ್ಳು.
ಕಲ್ಲಿನಿಂದ ಕಲ್ಲಿಗೆ ಎಪ್ಪತ್ತೈದು ಸೆಕೆಂಡು,
ಲೆಕ್ಕಕ್ಕ ನಲವತ್ತೆಂಟು.
ಮುಳ್ಳು ಹೇಳಿದ್ದು ನಲವತ್ತೈದು.

"ಸಿಸ್ಟರ್, ಇದು ಮೂರು ಕಡಿಮಿ ಹೇಳ್ತದ.
ನನ್ನ ತಪ್ಪು. ಮತ್ತ ಕಡಿಸ್ಕೊಂಡು ಬರ್ತೀನಿ."
ತಲಿ ತುಸು ಓರೆ ಮಾಡಿದ್ಳು, ಬಲಗಿವಿ ಎಂಜಿನ್ನಿಗೆ ಕೊಟ್ಟು,
ಕೂಸಿನ ಎದಿಬಡಿತ ಹುಡುಕೂವಾಗಿನ ಮುಖ.
"ಇರಲಿ ಬಿಡು.
ಆ ಮೂರು ನನಗಿನ್ನೂ ಕೇಳಸ್ತದ."

ಗ್ಯಾರೇಜಿಗೆ ಬಂದಾಗ ಪಟ್ಟಿಯಾಗ
ಆರು, ಒಂದು, ನಾಕು, ಎರಡು, ಆಗಷ್ಟ ಬಂದ ಸೊನ್ನಿ.
ಹನ್ನೊಂದು ವರ್ಷದ ಹಾದಿ ಎಲ್ಲಿ ಬರಕೊಳ್ಳೂದು
ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ.
ಬಿಲ್ಲಿನಾಗ ಹಲ್ಲು ಎಷ್ಟಂತ ಬರೀಲಿಲ್ಲ.
ಇಳಿದು ಹಿಂದ ನಿಂತೆ. ಆಕಿ ರಿವರ್ಸ್ ಹಾಕಿದ್ಳು.
ಸೊನ್ನಿ ಕೂದಲೆಳಿಯಷ್ಟು ಹಿಂದ ಸರದು
ಒಂಬತ್ತಿನ ಬಾಲ ಮತ್ತ ಕಂಡಿರಬೇಕು.
ಆಕಿಗೆ ಅದರ ಕಡೆ ಲಕ್ಷ್ಯಿಲ್ಲ,
ಬಲಗಿವಿ ಕಿಡಕಿ ಹೊರಗ ಇಟ್ಟು
ನನ್ನ ದನಿಗೆ ಗಾಡಿ ತಿರಗಸ್ಲಕತ್ತಿದ್ಳು:
ಬರ್ರಿ, ಬರ್ರಿ,
ಇನ್ನ ಸ್ವಲ್ಪ ಅದ, ಬರ್ರಿ.